ಚೀತಾ ಕೇಳುವ ಮೊದಲು ನಮ್ಮ ಖರಾಬ ಭೂಮಿ ನೋಡಿ

ಮಾನ್ಯ ಅರಣ್ಯ ಸಚಿವರಿಗೆ, ಹಾಗೂ ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಶಾಸಕರು ಮತ್ತು ಸಂಸದರಿಗೆ,

ನಮಸ್ಕಾರ.

ನಾನು ಬೀಳಗಿ ತಾಲ್ಲೂಕಿನವನು. ಆಲಮಟ್ಟಿ ಹಿನ್ನೀರಿನಲ್ಲಿ ನಮ್ಮ ಊರು ಮುಳುಗಿದ ಮೇಲೆ ಪುನರ್ವಸತಿ ಕೇಂದ್ರದಲ್ಲಿ ಬೆಳೆದವನು. ಈಗ ಬೆಳಗಾವಿಯಲ್ಲಿ ಸಣ್ಣ ನೌಕರಿ, ಊರಲ್ಲಿ ಸ್ವಲ್ಪ ಹೊಲ. ಪ್ರಾಣಿಶಾಸ್ತ್ರ ಓದಿದವನಲ್ಲ. ರಜೆಗೆ ಊರಿಗೆ ಹೋದಾಗ ಬೆಳಿಗ್ಗೆ ಎದ್ದು ಮಡ್ಡಿ, ಅಂದರೆ ಊರಾಚೆಯ ಹುಲ್ಲು ಬಯಲು, ಅಲೆಯುವುದು ಒಂದು ಚಟ, ಅಷ್ಟೇ.

ಕಳೆದ ಸಲ ಊರಿಗೆ ಹೋದಾಗ ಚಹಾ ಅಂಗಡಿಯಲ್ಲಿ ಒಂದು ಮಾತು ಬಂತು. ಮೊಬೈಲ್‌ನಲ್ಲಿ ಕುನೋ ಉದ್ಯಾನದ ಚೀತಾ ವಿಡಿಯೊ ನೋಡುತ್ತಿದ್ದ ಹುಡುಗನೊಬ್ಬ ಹೇಳಿದ: "ಮಧ್ಯಪ್ರದೇಶಕ್ಕ ಬಂದಾವ, ನಮ್ಮಲ್ಲಿ ಯಾಕ ಬ್ಯಾಡ? ಯಡಹಳ್ಳಿ ಐತಿ, ಚಿಂಕಾರ ಅದಾವ. ನಾಕು ಚೀತಾ ತಂದ್ ಬಿಟ್ರ ಬಾದಾಮಿ ನೋಡಾಕ ಬರೋ ಮಂದಿ ಇತ್ತಾಗೂ ಬರತಾರ." ಯಡಹಳ್ಳಿ ಅಂದರೆ ನಮ್ಮ ಕಡೆಯ ವನ್ಯಜೀವಿ ಧಾಮ, ಚಿಂಕಾರ ಅಂದರೆ ಸಣ್ಣ ಮೈಯ ಹುಲ್ಲೆ. ಅಂಗಡಿಯಲ್ಲಿದ್ದವರೆಲ್ಲ ಹೌದಪ್ಪಾ ಹೌದು ಅಂದರು. ಸುಳ್ಳು ಯಾಕೆ, ಒಂದು ಕ್ಷಣ ನನಗೂ ಆಸೆ ಆಯಿತು. ನಮ್ಮ ಗುಡ್ಡದ ಓರೆಯಲ್ಲಿ ಚೀತಾ ಓಡುವುದನ್ನು ನೋಡಲು ಯಾರಿಗೆ ಬೇಡ?

ಈ ಮಾತು ಚಹಾ ಅಂಗಡಿಯಲ್ಲಿ ನಿಲ್ಲುವುದಿಲ್ಲ. ಇವತ್ತಲ್ಲ ನಾಳೆ ಯಾರೋ ಒಬ್ಬರು ಮನವಿ ಬರೆದು, ಶಾಲು ಹೊದಿಸಿ, ಫೋಟೊ ತೆಗೆಸಿಕೊಂಡು ನಿಮ್ಮ ಕೈಗೆ ಕೊಡುತ್ತಾರೆ. ಅದಕ್ಕಿಂತ ಮೊದಲೇ ನನ್ನ ಪತ್ರ ತಲುಪಲಿ ಅಂತ ಬರೆಯುತ್ತಿದ್ದೇನೆ. ಚೀತಾ ಬೇಡವೇ ಬೇಡ ಅನ್ನುವವನಲ್ಲ ನಾನು. ಬಂದರೆ ಎಲ್ಲಕ್ಕಿಂತ ಕೊನೆಗೆ ಬರಲಿ ಅನ್ನುವವನು. ಅದರ ಮುಂದೆ ಸರದಿಯಲ್ಲಿ ನಿಂತವರು ಬಹಳ ಮಂದಿ ಇದ್ದಾರೆ.

ಮೊದಲು ಒಂದು ಗೊಂದಲ ತೆಗೆದುಬಿಡೋಣ. 2022ರ ಆಗಸ್ಟ್‌ನಲ್ಲಿ ಬೆಳಗಾವಿಯ ಗಾಲ್ಫ್ ಮೈದಾನದಲ್ಲಿ ಚಿರತೆ ಸೇರಿಕೊಂಡಿತ್ತು, ನೆನಪಿದೆ ಅಲ್ವಾ? ಸುತ್ತಲಿನ ಶಾಲೆಗಳಿಗೆ ದಿನಗಟ್ಟಲೆ ರಜೆ. ಬೋನು ಇಟ್ಟರು, ಕ್ಯಾಮೆರಾ ಕಟ್ಟಿದರು, ಸಕ್ರೆಬೈಲಿನಿಂದ ಆನೆ ತರಿಸಿದರು. ಅದು ಸಿಗಲೇ ಇಲ್ಲ. ಅದೇ ಗದ್ದಲದ ಬೆನ್ನಿಗೆ ಸೆಪ್ಟೆಂಬರ್ 17ಕ್ಕೆ ನಮೀಬಿಯಾದಿಂದ 8 ಚೀತಾ ವಿಮಾನದಲ್ಲಿ ಬಂದಿಳಿದವು. ಟಿವಿಯಲ್ಲಿ ಕೆಲವರು ಚೀತಾ ಅಂದರು, ಕೆಲವರು ಚಿರತೆ ಅಂದರು. ಮೂರನೇ ಇಯತ್ತೆಯಲ್ಲಿದ್ದ ನನ್ನ ಮಗಳು ಕೇಳಿದಳು: "ಅಪ್ಪಾ, ನಮ್ಮದು ಸಿಗಲಿಲ್ಲ ಅಂತ ಬ್ಯಾರೆ ತರಿಸಿದ್ರಾ?"

ಚಿರತೆ ನಮ್ಮದೇ. ಕಬ್ಬಿನ ಗದ್ದೆಯಲ್ಲಿ ಮರಿ ಹಾಕುತ್ತದೆ, ನಾಯಿ ಹೊತ್ತೊಯ್ಯುತ್ತದೆ, ಊರ ಪಕ್ಕದಲ್ಲೇ ಇದ್ದು ಯಾರ ಕಣ್ಣಿಗೂ ಬೀಳದೆ ಬದುಕುತ್ತದೆ. ಅದರ ಮೈಮೇಲಿನ ಚುಕ್ಕೆ ನಡುವೆ ಖಾಲಿ ಇರುವ ಬಳೆಯ ಹಾಗೆ. ಚೀತಾ ಮೈಮೇಲೆ ಇರುವುದು ಗಟ್ಟಿ ಕಪ್ಪು ಬೊಟ್ಟು. ಕಣ್ಣಿನಿಂದ ಬಾಯಿವರೆಗೆ ಕಾಡಿಗೆ ಇಳಿದ ಹಾಗೆ ಎರಡು ಗೆರೆ. ಅದು ಗರ್ಜಿಸುವುದಿಲ್ಲ, ಹಕ್ಕಿಯ ಹಾಗೆ ಚಿಲಿಪಿಲಿ ಅನ್ನುತ್ತದೆ. ಹಗಲು ಬೇಟೆ, ಬಯಲಲ್ಲಿ ಓಟ. ಅದರ ಮೈಕಟ್ಟು ಹೇಗಿರುತ್ತದೆ ಅಂತ ನಮ್ಮ ಭಾಗದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮುಧೋಳ ನಾಯಿ ಮೊಲದ ಹಿಂದೆ ಬಿದ್ದದ್ದನ್ನು ನೋಡಿದವರಿಗೆ ಗೊತ್ತು: ಆಳವಾದ ಎದೆ, ಒಳಗೆ ಸರಿದ ಹೊಟ್ಟೆ, ಬಿಲ್ಲಿನ ಹಾಗೆ ಬಾಗಿ ಬಿಚ್ಚುವ ಬೆನ್ನು. ಅದರ ಎರಡು ಪಟ್ಟು ವೇಗ ಊಹಿಸಿಕೊಳ್ಳಿ. ಆದರೆ ಆ ಓಟ ಅರ್ಧ ನಿಮಿಷಕ್ಕಿಂತ ಜಾಸ್ತಿ ಇರುವುದಿಲ್ಲ. ಆಮೇಲೆ ಉಸಿರು ಸಿಗದೆ ಏದುತ್ತಾ ಕೂತಾಗ ಕತ್ತೆಕಿರುಬ ಬಂದರೂ ಸಾಕು, ಹಿಡಿದ ಬೇಟೆ ಬಿಟ್ಟು ಎದ್ದು ಹೋಗುತ್ತದೆ. ಪಾಪದ ಪ್ರಾಣಿ.

ಈ ಪಾಪದ ಪ್ರಾಣಿಗೆ ನಮ್ಮ ಭಾಷೆಯಲ್ಲಿ ಹೆಸರು ಇತ್ತು. ಹತ್ತೊಂಬತ್ತನೇ ಶತಮಾನದಲ್ಲಿ ಇಂಗ್ಲಿಷರು ಬರೆದಿಟ್ಟ ಪ್ರಾಣಿಗಳ ಪಟ್ಟಿಯಲ್ಲಿ ಚೀತಾಕ್ಕೆ ಕನ್ನಡ ಹೆಸರು 'ಸಿವಂಗಿ' ಅಂತ ಇದೆ. ಸುಮ್ನೆ ಯಾರೂ ಹೆಸರು ಇಡುವುದಿಲ್ಲ. ಶ್ರೀರಂಗಪಟ್ಟಣದಲ್ಲಿ ಟಿಪ್ಪು ಬೇಟೆಗೆಂದು ಸಾಕಿದ್ದ ಚೀತಾಗಳು 1799ರಲ್ಲಿ ಇಂಗ್ಲಿಷರ ಕೈ ಸೇರಿದವು. ನಮ್ಮ ಬೆಳಗಾವಿಗೆ ಇನ್ನೂ ಹತ್ತಿರದ ಕಥೆ ಕೊಲ್ಹಾಪುರದ್ದು. ಅಲ್ಲಿನ ಮಹಾರಾಜರು ಗಾಡಿಯಲ್ಲಿ ಚೀತಾ ಕೂಡಿಸಿಕೊಂಡು ಬಯಲಿಗೆ ಹೋಗಿ, ಕಣ್ಣಿನ ಟೊಪ್ಪಿಗೆ ತೆಗೆದು ಕೃಷ್ಣಮೃಗದ ಹಿಂಡಿನ ಮೇಲೆ ಬಿಡುತ್ತಿದ್ದರು. ಈಗಿನ ರಾಯಬಾಗ ಆಗ ಅದೇ ಸಂಸ್ಥಾನದ್ದು. ಇಪ್ಪತ್ತನೇ ಶತಮಾನ ಬರುವಷ್ಟರಲ್ಲಿ ನಮ್ಮ ದೇಶದ ಚೀತಾ ಸಿಗುವುದೇ ಕಷ್ಟವಾಯಿತು. ಆಗ ಆಫ್ರಿಕಾದಿಂದ ಹಡಗಿನಲ್ಲಿ ತರಿಸಿದರು. ಅಂದರೆ ಆಫ್ರಿಕಾದ ಚೀತಾ ನಮ್ಮ ಮಗ್ಗುಲಿಗೆ ಬಂದು ನೂರು ವರ್ಷದ ಹತ್ತಿರ ಆಯಿತು. ಏನು ಮಾಡುವುದು, ಅವು ಹಗ್ಗದಲ್ಲಿದ್ದವು.

ಹಗ್ಗವೇ ಅವುಗಳ ವಂಶ ತೆಗೆದದ್ದು. ಕಾಡಿನಿಂದ ಹಿಡಿದು ತಂದ ಚೀತಾ ಅರಮನೆಯಲ್ಲಿ ಮರಿ ಹಾಕುತ್ತಿರಲಿಲ್ಲ. ಹಾಗಾಗಿ ಪ್ರತಿ ಸಲ ಹೊಸದನ್ನು ಕಾಡಿನಿಂದಲೇ ಹಿಡಿಯಬೇಕಿತ್ತು. ಜಹಾಂಗೀರ್ ಬಾದಶಹ ತನ್ನ ದಿನಚರಿಯಲ್ಲಿ ಇದನ್ನು ಬರೆದಿದ್ದಾನೆ. ತನ್ನ ತಂದೆ ಅಕ್ಬರ್ ಸಾವಿರ ಚೀತಾ ಕೂಡಿಹಾಕಿದರೂ, ರೂಢಿ ಇಲ್ಲದ ಜಾಗದಲ್ಲಿ ಅವು ಜೋಡಿಯಾಗಲಿಲ್ಲ ಅಂತ. ತನ್ನ ಕಾಲದಲ್ಲಿ ಒಂದು ಜೋಡಿ ಹೇಗೋ ಕೂಡಿ ಮೂರು ಮರಿ ಆದದ್ದು ಅವನಿಗೆ ಬರೆದಿಡುವಂಥ ಅಚ್ಚರಿ. ಕೊನೆಗೆ 1947ರಲ್ಲಿ ಈಗಿನ ಛತ್ತೀಸಗಡದ ಕೊರಿಯಾ ಸಂಸ್ಥಾನದ ರಾಜ ಒಂದೇ ರಾತ್ರಿ ಮೂರು ಚೀತಾ ಹೊಡೆದ. 1952ರಲ್ಲಿ ಸರ್ಕಾರವೇ, ದೇಶದಲ್ಲಿ ಇನ್ನು ಚೀತಾ ಇಲ್ಲ ಎಂದು ಹೇಳಿತು. ಏಷ್ಯಾದ ತಳಿ ಈಗ ಉಳಿದಿರುವುದು ಇರಾನಿನಲ್ಲಿ ಮಾತ್ರ, ಅದೂ ಬೆರಳೆಣಿಕೆಯಷ್ಟು. ಅದಕ್ಕೇ ಆಫ್ರಿಕಾದಿಂದ ತಂದದ್ದು.

'ರೂಢಿ ಇಲ್ಲದ ಜಾಗ' ಅನ್ನುವ ಆ ಮಾತು ಓದಿದಾಗ ನನಗೆ ನಮ್ಮ ಎಮ್ಮೆ ನೆನಪಾಯಿತು.

ಊರು ಬಿಟ್ಟಾಗ ನಾನು ಏಳನೇ ಇಯತ್ತೆ. ಟ್ರ್ಯಾಕ್ಟರ್‌ನಲ್ಲಿ ಬಾಗಿಲು, ತೊಲೆ, ಒಳಕಲ್ಲು, ದೇವರ ಜಗಲಿ ಎಲ್ಲ ಬಂದವು. ದನಗಳನ್ನು ನಡೆಸಿಕೊಂಡು ಬಂದೆವು. ಹೊಸ ಜಾಗದಲ್ಲಿ ಅಪ್ಪ ತಗಡಿನ ಸಪ್ಪರ ಹಾಕಿ ಗ್ವಾದಲಿ ಕಟ್ಟಿದ. ಎತ್ತುಗಳು ಎರಡು ದಿನಕ್ಕೆ ಹೊಂದಿಕೊಂಡವು. ಎಮ್ಮೆ ಹೊಂದಿಕೊಳ್ಳಲಿಲ್ಲ. ಸಂಜೆಯಾದರೆ ಹಗ್ಗ ಜಗ್ಗಿ ಜಗ್ಗಿ ಕಿತ್ತುಕೊಂಡು ಹೊರಡುವುದು. ಎಲ್ಲಿಗೆ ಅಂತ ಹುಡುಕಬೇಕಿರಲಿಲ್ಲ. ಹಿನ್ನೀರಿನ ದಂಡೆಗೆ ಹೋಗಿ, ಹಳೆ ಊರು ಇದ್ದ ದಿಕ್ಕಿಗೆ ಮುಖ ಮಾಡಿ ನಿಂತಿರುತ್ತಿತ್ತು. ಒಂದು ದಿನ ಕುತ್ತಿಗೆಮಟ ನೀರಿಗೆ ಇಳಿದಿತ್ತು. ಅಪ್ಪ ದಂಡೆಯಲ್ಲಿ ಬ್ಯಾಟರಿ ಹಿಡಿದು ಕರೆಯುತ್ತಿದ್ದಾನೆ, ಅದು ತಿರುಗಿ ನೋಡುತ್ತದೆ, ಮತ್ತೆ ನೀರಿನ ಕಡೆ ಮುಖ ಮಾಡುತ್ತದೆ. ಹಾಲು ಅರ್ಧಕ್ಕೆ ಇಳಿಯಿತು. ಮಾರಿಬಿಡು ಅಂದರು ಎಲ್ಲರೂ. ಅವ್ವ ಬಿಡಲಿಲ್ಲ. ವರ್ಷದ ಮೇಲೆ ಅದು ಹೊಸ ಸಪ್ಪರದಲ್ಲೇ ಈಯಿತು. ಕರು ಅಲ್ಲೇ ಎದ್ದು ನಿಂತಿತು. ಆಮೇಲೆ ಎಮ್ಮೆ ದಂಡೆಗೆ ಹೋಗಲಿಲ್ಲ.

ಕುನೋದ ಸುದ್ದಿ ಓದುವಾಗೆಲ್ಲ ಆ ಎಮ್ಮೆಯೇ ಕಣ್ಣ ಮುಂದೆ ಬರುತ್ತದೆ. 2022ರಲ್ಲಿ ನಮೀಬಿಯಾದ 8, 2023ರ ಫೆಬ್ರವರಿಯಲ್ಲಿ ದಕ್ಷಿಣ ಆಫ್ರಿಕಾದ 12, ಈ ಎರಡು ಕಂತಿನಲ್ಲಿ ಒಟ್ಟು 20 ಚೀತಾ. ಗಂಡು ಚೀತಾ ಒಂದು ಮತ್ತೆ ಮತ್ತೆ ಉದ್ಯಾನ ದಾಟಿ ಹೊಲ, ಊರು, ಪಕ್ಕದ ಜಿಲ್ಲೆ ಅಂತ ನಡೆಯುತ್ತಲೇ ಇತ್ತು. ಅರಿವಳಿಕೆ ಕೊಟ್ಟು ಹಿಡಿದು ತಂದರೆ ಮತ್ತೆ ಹೊರಡುವುದು. ಬೇರೆ ಕೆಲವು ರಾಜಸ್ಥಾನದವರೆಗೂ ಹೋಗಿ ಬಂದವು.

ಎಲ್ಲಕ್ಕಿಂತ ನನ್ನನ್ನು ಕಾಡಿದ್ದು ಕೂದಲಿನ ಕಥೆ. ದಕ್ಷಿಣ ಆಫ್ರಿಕಾದಲ್ಲಿ ಜೂನ್, ಜುಲೈ ಅಂದರೆ ಚಳಿಗಾಲ. ಅಲ್ಲಿನ ಚೀತಾ ಮೈ ಆ ಹೊತ್ತಿಗೆ ದಪ್ಪ ಕೂದಲು ಬೆಳೆಸಿಕೊಳ್ಳುತ್ತದೆ. ಇಲ್ಲಿಗೆ ಬಂದ ಮೇಲೂ ಮೈಯೊಳಗಿನ ಪಂಚಾಂಗ ಅಲ್ಲಿಯದೇ ಉಳಿಯಿತು. ನಮ್ಮ ಮುಂಗಾರು ಸುರಿಯುವಾಗ ಅವು ಚಳಿಗಾಲದ ಕೂದಲು ಹೊತ್ತು ನಿಂತಿದ್ದವು. ಮಳೆಯಲ್ಲಿ ನೆನೆದ ಕೂದಲು ಒಣಗಲಿಲ್ಲ. ಕುತ್ತಿಗೆಯಲ್ಲಿ ರೇಡಿಯೊ ಕಾಲರ್, ಅದರ ಕೆಳಗೆ ಹಸಿ. ತುರಿಕೆ, ಗಾಯ, ಗಾಯಕ್ಕೆ ಹುಳ. ದನ ಕಟ್ಟಿದವರಿಗೆ ಗೊತ್ತು, ಮಳೆಗಾಲದಲ್ಲಿ ಹುಳ ಬಿದ್ದ ಗಾಯ ಎಷ್ಟು ಬೇಗ ಪ್ರಾಣಿಯನ್ನು ತೆಗೆಯುತ್ತದೆ ಅಂತ. ಆ ಮಳೆಗಾಲ ಹಾಗೆ ರಕ್ತಕ್ಕೆ ನಂಜೇರಿ ಮೂರು ಚೀತಾ ಸತ್ತವು. 2023ರ ಆಗಸ್ಟ್ ಹೊತ್ತಿಗೆ ತಂದ 20ರಲ್ಲಿ 6 ಇರಲಿಲ್ಲ. ಜ್ವಾಲಾ ಅನ್ನುವ ಹೆಣ್ಣು ಹಾಕಿದ್ದ 4 ಮರಿಗಳಲ್ಲಿ 3 ಅದೇ ವರ್ಷದ ಮೇ ತಿಂಗಳ ಬಿಸಿಲಿಗೆ ಹೋದವು.

ಹಾಗಂತ ಇಡೀ ಯೋಜನೆ ದಂಡ ಅನ್ನಲಾರೆ. ಉಳಿದ ಆ ಒಂದು ಮರಿಯನ್ನು ಜನ ಕೈಯಲ್ಲಿ ಸಾಕಿ ಬೆಳೆಸಿದರು. ಮುಖಿ ಅಂತ ಹೆಸರು. 2025ರ ನವೆಂಬರ್‌ನಲ್ಲಿ ಅದು 5 ಮರಿ ಹಾಕಿತು. ಇಲ್ಲೇ ಹುಟ್ಟಿದ್ದು, ಇಲ್ಲಿನ ಬಿಸಿಲು ಮಳೆಯಲ್ಲೇ ಬೆಳೆದದ್ದು. ನಮ್ಮ ಅವ್ವ ಇದ್ದಿದ್ದರೆ ಅಷ್ಟಕ್ಕೇ ನೆಮ್ಮದಿಯಾಗಿ ಒಂದು ಕಪ್ ಚಹಾ ಕುಡಿಯುತ್ತಿದ್ದಳು. ಅಲ್ಲಿ ಹಗಲು ರಾತ್ರಿ ಕಾಲರ್ ಸಿಗ್ನಲ್ ಹಿಂಬಾಲಿಸಿ ಅಲೆಯುವ ಸಿಬ್ಬಂದಿಯ ಕಷ್ಟ ಸಣ್ಣದಲ್ಲ.

ಕುನೋದ ಇನ್ನೊಂದು ಕಥೆ ಮುಳುಗಡೆ ಜಿಲ್ಲೆಯವರು ಓದಲೇಬೇಕು. ಆ ಕಾಡು ಸಿದ್ಧವಾದದ್ದು ಚೀತಾಕ್ಕಲ್ಲ, ಗಿರ್ ಸಿಂಹಕ್ಕೆ. ಸಿಂಹಗಳೆಲ್ಲ ಒಂದೇ ಕಡೆ ಇದ್ದರೆ ಒಂದೇ ರೋಗಕ್ಕೆ ಎಲ್ಲವೂ ಹೋಗಬಹುದು, ಇನ್ನೊಂದು ಮನೆ ಬೇಕು ಎಂದು 24 ಹಳ್ಳಿಗಳನ್ನು ಎಬ್ಬಿಸಿದರು. ಸಿಂಹ ಕಳಿಸಿ ಅಂತ 2013ರಲ್ಲಿ ಸುಪ್ರೀಂ ಕೋರ್ಟ್ ಕೂಡ ಹೇಳಿತು. ಗುಜರಾತಿನಿಂದ ಒಂದು ಸಿಂಹವೂ ಬರಲಿಲ್ಲ. ಅದೇ ತೀರ್ಪಿನಲ್ಲಿ ಬೇಡ ಅನ್ನಿಸಿಕೊಂಡಿದ್ದ ಆಫ್ರಿಕಾದ ಚೀತಾಕ್ಕೆ 2020ರಲ್ಲಿ ಕೋರ್ಟಿನ ಒಪ್ಪಿಗೆ ಸಿಕ್ಕಿ, ಕೊನೆಗೆ ಬಂದದ್ದು ಅದು. ಸಿಂಹ ಬರುತ್ತದೆ ಅಂತ ಮನೆ ಬಿಟ್ಟ ಅಜ್ಜ ಅಜ್ಜಿಯರು ಏನಂದುಕೊಂಡರೋ. ಯಾವ ಉದ್ದೇಶಕ್ಕೆ ಊರು ಬಿಡುತ್ತೇವೋ ಆ ಉದ್ದೇಶ ಕಾಗದದ ಮೇಲೆ ಎಷ್ಟು ಸಲ ಬದಲಾಗುತ್ತದೆ ಅನ್ನುವುದು ನಮಗೇನು ಹೊಸತೇ? ಆಲಮಟ್ಟಿಯ ಎತ್ತರ 519 ಮೀಟರ್, 524 ಮೀಟರ್ ಅಂತ ಕೇಳುತ್ತಲೇ ನಮ್ಮ ಒಂದು ತಲೆಮಾರು ಮುದುಕಾಯಿತು.

ಈಗ ಲೆಕ್ಕಕ್ಕೆ ಬರೋಣ. ಕುನೋ ಉದ್ಯಾನ 748 ಚದರ ಕಿಲೋಮೀಟರ್. ಅಷ್ಟರಲ್ಲಿ ಸುಮಾರು 21 ಚೀತಾ ಇರಬಹುದು ಅಂತ ಯೋಜನೆ ಮಾಡಿದವರ ಅಂದಾಜು. ನಮೀಬಿಯಾದಲ್ಲಿ ವರ್ಷಗಟ್ಟಲೆ ಚೀತಾ ಹಿಂದೆ ತಿರುಗಿದ ವಿಜ್ಞಾನಿಗಳು ಇದನ್ನು ಒಪ್ಪಲಿಲ್ಲ. ಅಲ್ಲಿ ಒಂದು ಗಂಡಿನ ಠಾವಿಗೂ ಇನ್ನೊಂದು ಗಂಡಿನ ಠಾವಿಗೂ ನಡುವೆ 20 ಕಿಲೋಮೀಟರಿಗಿಂತ ಹೆಚ್ಚು ಅಂತರ ಇರುತ್ತದೆ ಅಂತ ಅವರ ಮಾತು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಬೀಳಗಿಯಲ್ಲಿ ಒಂದು ಕೂತರೆ ಇನ್ನೊಂದು ಬಾಗಲಕೋಟೆ ದಾರಿ ಹಿಡಿಯಬೇಕು. ನಮ್ಮ ಯಡಹಳ್ಳಿ ಚಿಂಕಾರ ಧಾಮ ಎಷ್ಟು? 96 ಚದರ ಕಿಲೋಮೀಟರ್ ಚಿಲ್ಲರೆ. ಕುನೋದ ಎಂಟನೇ ಒಂದು ಪಾಲು. ಯೋಜನೆಯವರ ಧಾರಾಳ ಲೆಕ್ಕ ಹಿಡಿದರೂ ಎರಡೋ ಮೂರೋ ಚೀತಾ. ಅವು ಬೆಳಿಗ್ಗೆ ಹೊರಟರೆ ಮಧ್ಯಾಹ್ನಕ್ಕೆ ಯಾರದೋ ಕಬ್ಬಿನ ಗದ್ದೆಯಲ್ಲಿರುತ್ತವೆ. ಆಮೇಲೆ ಮತ್ತೆ ಶಾಲೆಗೆ ರಜೆ, ಮತ್ತೆ ಆನೆ.

ತಿನ್ನುವುದು ಏನು? ಒಂದು ಚೀತಾಕ್ಕೆ ವರ್ಷಕ್ಕೆ ನೂರರ ಹತ್ತಿರ ಬೇಟೆ ಬೇಕಾಗುತ್ತದೆ. ಕಡವೆಯಂಥ ದೊಡ್ಡ ಮೈಯವು ಅದಕ್ಕೆ ಆಗುವುದಿಲ್ಲ. ನಮ್ಮಲ್ಲಿರುವ ಚಿಂಕಾರ, ಚಿಗರಿ ಸರಿಯಾದ ಅಳತೆ. ಅಂದರೆ ಯಾವ ಪ್ರಾಣಿಯನ್ನು ಉಳಿಸಲು 2016ರಲ್ಲಿ ಧಾಮ ಮಾಡಿದೆವೋ ಅದನ್ನೇ ಅತಿಥಿಗೆ ಊಟಕ್ಕೆ ಬಡಿಸಬೇಕು. ಹಿಂಡು ಹಿಂಡಾಗಿ ಚಿಂಕಾರ ಇದ್ದ ದಿನ ಬಂದರೆ ಬಡಿಸೋಣ, ತಪ್ಪಿಲ್ಲ. ಅದು ನಿಸರ್ಗ. ಈಗ ನಾಲ್ಕು ಕಂಡರೆ ನಾನು ಮನೆಗೆ ಫೋನ್ ಮಾಡಿ ಹೇಳುತ್ತೇನೆ.

ಹೋದ ಸಲ ಕಂಡದ್ದು ಎರಡು. ಬೆಳಗಿನ ಆರೂವರೆ. ಮಳೆ ಹೋಗಿ ಹದಿನೈದು ದಿನವಾಗಿತ್ತು. ಮೊಣಕಾಲಿನಷ್ಟು ಕರಡ ಹುಲ್ಲು, ತುದಿ ಆಗಲೇ ಕೆಂಪಾಗುತ್ತಿತ್ತು. ಕವಳಿ ಪೊದೆಯ ಆಚೆ ಹುಲ್ಲಿನ ಬಣ್ಣದ್ದೇ ಒಂದು ಮೈ ನಿಂತಿತ್ತು. ನಾನು ನೋಡಿದ್ದಕ್ಕಿಂತ ಮೊದಲು ಅದು ನನ್ನನ್ನು ನೋಡಿಯಾಗಿತ್ತು. ಮುಂಗಾಲು ಎತ್ತಿ ನೆಲಕ್ಕೆ ಟಕ್ ಅಂತ ಬಡಿಯಿತು. ಆಮೇಲೆ ಮೂಗಿನಿಂದ ಒಂದು ಸಣ್ಣ ಸೀನು. ಚಿಂಕಾರ ಹೆದರಿದರೆ ಹಾಗೆಯೇ, ಸೀನಿ ಹೇಳುತ್ತದೆ. ಇಪ್ಪತ್ತು ಹೆಜ್ಜೆ ಓಡಿ ನಿಂತು ತಿರುಗಿ ನೋಡಿತು. ಹಿಂದೆ ಇನ್ನೊಂದು ಎದ್ದಿತು, ಇನ್ನೂ ಸಣ್ಣದು, ಕೋಡು ಹೆಬ್ಬೆರಳಿನಷ್ಟು. ಎರಡೂ ದಿನ್ನೆ ಇಳಿದು ಹೋದವು. ಇಡೀ ದೇಶದಲ್ಲಿ ಚಿಂಕಾರ ಇರುವ ಸೀಮೆಯ ದಕ್ಷಿಣದ ಅಂಚಿಗೆ ಹತ್ತಿರದ ಜಾಗ ನಮ್ಮದು. ಇದಕ್ಕಿಂತ ಕೆಳಗೆ ಹೋದರೆ ಅವು ಸಿಗುವುದೇ ಅಪರೂಪ.

ಆ ಎರಡು ಚಿಂಕಾರ ನಿಂತಿದ್ದ ಜಾಗದ ಉತಾರ (ಪಹಣಿ) ತೆಗೆಸಿ ನೋಡಿ. ನಮ್ಮ ಕಡೆ ಇಂಥ ನೆಲಕ್ಕೆ ಉತಾರದಲ್ಲಿ ಬರೆಯುವುದು ಒಂದೇ ಪದ: ಖರಾಬ. ಕೇಂದ್ರ ಸರ್ಕಾರದ ಬಂಜರು ಭೂಮಿಯ ನಕಾಶೆಯಲ್ಲೂ ಇಂಥ ಕುರುಚಲು ಬಯಲು ಬಂಜರಿನ ಲೆಕ್ಕಕ್ಕೇ ಸೇರುತ್ತದೆ. ಮಾವು ಬೆಳೆದರೆ ತೋಟ, ಜೋಳ ಬೆಳೆದರೆ ಹೊಲ, ಸಾಗವಾನಿ ಬೆಳೆದರೆ ಕಾಡು. ಹುಲ್ಲು ಬೆಳೆದರೆ ಖರಾಬ. ತೋಳ, ಕತ್ತೆಕಿರುಬ, ನರಿ, ಚಿಂಕಾರ, ಕೌಜುಗ, ಕುರಿ, ಕುರಿಯವನು ಎಲ್ಲರೂ ಬದುಕುವುದು ಖರಾಬಿನಲ್ಲಿ. ಹೆಸರೇ ಹಾಗಿದ್ದ ಮೇಲೆ ಮರ್ಯಾದೆ ಎಲ್ಲಿಂದ ಬರಬೇಕು? ಸೋಲಾರ್ ಬಂದರೆ ಖರಾಬ ತೋರಿಸುತ್ತಾರೆ. ಕೈಗಾರಿಕೆ ಬಂದರೆ ಖರಾಬ. ಮುಳುಗಡೆಯವರಿಗೆ ಮನೆ ಕಟ್ಟಿಕೊಡಬೇಕಾದರೂ ಅದೇ. ನಾನು ಬೆಳೆದ ಮನೆಯೂ ಮಡ್ಡಿಯ ಮೇಲೇ ಇದೆ. ಹಾಗಾಗಿ ಈ ತಪ್ಪಿನಲ್ಲಿ ನನ್ನದೂ ಪಾಲಿದೆ.

ಖರಾಬ ಅಂತ ಬಿಟ್ಟರೆ ಒಂದು ಕಷ್ಟ, ಸುಧಾರಣೆ ಮಾಡುತ್ತೇವೆ ಅಂತ ಹೊರಟರೆ ಇನ್ನೊಂದು. ಹಾವೇರಿಯ ರಾಣೆಬೆನ್ನೂರಿನಲ್ಲಿ ಕೃಷ್ಣಮೃಗಕ್ಕೆಂದು ಧಾಮ ಇದೆ. ಅಲ್ಲಿ ಬಯಲಿನಲ್ಲಿ ನೀಲಗಿರಿ ನೆಟ್ಟರು. ದೂರ ನೋಡಿ ಓಡಬೇಕಾದ ಪ್ರಾಣಿಗೆ ಸಾಲು ಮರ ಯಾಕೆ ಬೇಕು? ಅಲ್ಲಿ ಒಂದು ಕಾಲಕ್ಕೆ ಎರೆಭೂತ ಹಕ್ಕಿ ಕೂಡ ಇತ್ತು. ಎರೆ ಹೊಲದಲ್ಲಿ ಭೂತದ ಹಾಗೆ ನಿಲ್ಲುತ್ತದೆ ಅಂತ ನಮ್ಮವರು ಇಟ್ಟ ಹೆಸರು. ಈಗ ರಾಜ್ಯದಲ್ಲಿ ಅದನ್ನು ನೋಡಬೇಕಾದರೆ ಸಿರುಗುಪ್ಪದ ಕಡೆ ಹೋಗಿ ದೇವರಿಗೆ ಹರಕೆ ಹೊರಬೇಕು. ಪ್ರತಿ ಜೂನ್‌ನಲ್ಲಿ ಪರಿಸರ ದಿನ ಅಂತ ಮಡ್ಡಿಯಲ್ಲಿ ಗುಂಡಿ ತೋಡಿ ಸಸಿ ಇಟ್ಟು ಫೋಟೊ ತೆಗೆಸಿಕೊಳ್ಳುವ ಎಲ್ಲರಿಗೂ ಕೈ ಮುಗಿದು ಕೇಳುತ್ತೇನೆ, ಶಾಲೆ ಅಂಗಳದಲ್ಲಿ ನೆಡಿ, ರಸ್ತೆ ಬದಿಯಲ್ಲಿ ನೆಡಿ. ಹುಲ್ಲಿನ ಮೇಲೆ ನೆಡಬೇಡಿ.

ಕುರಿಯವರ ಮಾತು ಹೇಳದಿದ್ದರೆ ನಮ್ಮ ಕಾಕಾ ಬೈಯುತ್ತಾನೆ. ಅವನದು ಎಂಬತ್ತು ಕುರಿ. ಸುಗ್ಗಿ ಮುಗಿದ ಮೇಲೆ ಹೊಲದಿಂದ ಹೊಲಕ್ಕೆ ಕುರಿ ನಿಲ್ಲಿಸುತ್ತಾ ಹೋಗುತ್ತಾನೆ. ಮೂರು ವರ್ಷದ ಕೆಳಗೆ ಒಂದು ರಾತ್ರಿ ತೋಳ ದಡ್ಡಿಗೆ ನುಗ್ಗಿ ಎರಡು ಕುರಿ ಕೊಂದಿತು. ಪರಿಹಾರ ಸಿಗುತ್ತದೆ ಅಂತ ಯಾರೋ ಹೇಳಿದರು. ಸತ್ತ ಕುರಿಯ ಫೋಟೊ ಬೇಕು, ಪಂಚನಾಮೆ ಬೇಕು, ಪಶು ವೈದ್ಯರ ಸರ್ಟಿಫಿಕೇಟ್ ಬೇಕು, ಬ್ಯಾಂಕ್ ಪಾಸ್‌ಬುಕ್ ಬೇಕು. ಮೂರು ಸಲ ಒಂದು ಕಚೇರಿಗೆ ಅಲೆದ. ಒಂದು ಸಲ ಸಾಹೇಬರು ಇರಲಿಲ್ಲ, ಇನ್ನೊಂದು ಸಲ ಸರ್ವರ್ ಇರಲಿಲ್ಲ. ಮೂರನೇ ಸಲ, ಕಚ್ಚಿದ್ದು ತೋಳವೋ ನಾಯಿಯೋ ಅಂತ ಹೇಗೆ ಹೇಳುತ್ತೀಯ ಅಂದರು. ಕಾಕಾ ಹೇಳಿದನಂತೆ: "ಸಾಹೇಬ್ರ, ಮುಂದಿನ ಸಲ ತ್ವಾಳಾ ಬಂದ್ರ ಆಧಾರ್ ಕಾರ್ಡ್ ಕೇಳಿ ಇಟ್ಕೋತೀನಿ." ಆ ಹೊತ್ತಿಗೆ ಅಲೆದಾಟದಲ್ಲೇ ಒಂದು ಕುರಿಯ ದುಡ್ಡು ಹೋಗಿತ್ತು. ಕಾಗದ ಹರಿದು ಬಂದ.

ಆದರೂ ಅವನು ತೋಳಕ್ಕೆ ವಿಷ ಇಡಲಿಲ್ಲ. ಅವನಪ್ಪನೂ ಇಟ್ಟಿರಲಿಲ್ಲ. ಕೇಳಿದರೆ, "ಅದರ ಪಾಲು ಅದಕ್ಕ" ಅನ್ನುತ್ತಾನೆ. ಹೀಗೆ ಹೇಳುವ ಮನುಷ್ಯ ಇನ್ನೂ ಎಷ್ಟು ದಿನ ಹೀಗೇ ಹೇಳುತ್ತಾನೆ ಸ್ವಾಮಿ? ಅವನ ಮಗ ಕುರಿ ಮಾರಿ ಸೆಕೆಂಡ್ ಹ್ಯಾಂಡ್ ಗೂಡ್ಸ್ ಗಾಡಿ ತೆಗೆದುಕೊಳ್ಳುವ ಯೋಚನೆಯಲ್ಲಿದ್ದಾನೆ. ತೋಳ ತಿಂದ ಎರಡು ಕುರಿಗೆ ಪರಿಹಾರ ಕೊಡಲಾಗದ ವ್ಯವಸ್ಥೆ ಚೀತಾ ತಿನ್ನುವ ಆಡಿಗೆ ಕೊಡುತ್ತದೆ ಅಂತ ಕಾಕಾನಿಗೆ ಹೇಳುವ ಧೈರ್ಯ ನನಗಿಲ್ಲ. ಕುನೋ ಸುತ್ತಲಿನ ಹಳ್ಳಿಯವರೂ ನಮ್ಮಂಥವರೇ. 2025ರ ಮಾರ್ಚ್‌ನಲ್ಲಿ ಕರು ಹಿಡಿದ ಚೀತಾ ಮೇಲೆ ಕೋಲು, ಕಲ್ಲು ಎತ್ತಿದವರು ಅವರೇ. ಮುಂದಿನ ತಿಂಗಳು ಬಿಸಿಲಿಗೆ ಬಳಲಿದ ತಾಯಿ ಚೀತಾ ಮತ್ತು ಮರಿಗಳಿಗೆ ತಟ್ಟೆಯಲ್ಲಿ ನೀರು ಸುರಿದು "ಬಾ, ಕುಡಿ" ಅಂತ ಕರೆದ ಚಾಲಕನ ವಿಡಿಯೊ ನೀವೂ ನೋಡಿರುತ್ತೀರಿ. ಕಾಡು ಪ್ರಾಣಿಗೆ ಹಾಗೆ ಹತ್ತಿರ ಹೋಗಬಾರದು ಅಂತ ಅವರ ಮೇಲೆ ಕ್ರಮ ಆಯಿತು. ನಿಯಮ ಸರಿ ಇದೆ. ನನಗಂತೂ ಆ ತಟ್ಟೆಯೇ ಕಣ್ಣಲ್ಲಿ ಉಳಿದಿದೆ.

ಇನ್ನೊಂದು ವಿಷಯ ಬರೆಯಲು ಮನಸ್ಸಿಲ್ಲ, ಆದರೂ ಬರೆಯಬೇಕು. 2025ರ ನವೆಂಬರ್‌ನಲ್ಲಿ ಬೆಳಗಾವಿಯ ಭೂತರಾಮನಹಟ್ಟಿ ಮೃಗಾಲಯದಲ್ಲಿ ಕೆಲವೇ ದಿನಗಳಲ್ಲಿ ಸುಮಾರು 30 ಕೃಷ್ಣಮೃಗ ಸತ್ತವು. ಬ್ಯಾಕ್ಟೀರಿಯಾದಿಂದ ಬರುವ ಗಳಲೆ ರೋಗ ಅಂತ ವರದಿ ಬಂತು. ನಮ್ಮ ದನಕ್ಕೆ ಮಳೆಗಾಲದ ಮುಂಚೆ ಸೂಜಿ ಹಾಕಿಸುತ್ತೇವಲ್ಲ, ಅದೇ ಗಳಲೆ. ಯಾರನ್ನೂ ದೂರುವುದಕ್ಕೆ ಇದನ್ನು ಎತ್ತಲಿಲ್ಲ. ಬೇಲಿಯೊಳಗೆ, ವೈದ್ಯರ ಕಣ್ಣೆದುರಿಗೆ ಇದ್ದ ಹಿಂಡಿಗೇ ಹೀಗಾದರೆ ಬಯಲಿನ ಚಿಂಕಾರಕ್ಕೆ ಯಾರು ಗತಿ? ಧಾಮದ ಸುತ್ತಲಿನ ಹಳ್ಳಿಗಳ ದನ, ಕುರಿ, ಬೀದಿ ನಾಯಿ ಎಲ್ಲವೂ ಅದೇ ಹುಲ್ಲು, ಅದೇ ಕೆರೆ ನೀರಿಗೆ ಬರುತ್ತವೆ. ಬೀದಿ ನಾಯಿಗಳಂತೂ ಗುಂಪು ಕಟ್ಟಿಕೊಂಡು ಚಿಗರಿ ಮರಿ ಅಟ್ಟಿಸಿಕೊಂಡು ಹೋಗುವುದನ್ನು ನಾನೇ ಕಂಡಿದ್ದೇನೆ. ಚೀತಾ ಬೇಟೆಗಾರ ಅಂತ ಹೆದರುವ ನಮಗೆ ಈ ಬೇಟೆಗಾರರು ಬಿಸ್ಕತ್ತು ತಿನ್ನುವವರ ಹಾಗೆ ಕಾಣುತ್ತಾರೆ.

ಹಾಗಾಗಿ ಚೀತಾ ಬೇಡಿಕೆಯ ಮನವಿ ಬಂದರೆ ಅದನ್ನು ಮಡಚಿ ಒಳಗಿಡಿ. ಅದರ ಬದಲು ಕಂದಾಯ ಮತ್ತು ಅರಣ್ಯ ಇಲಾಖೆಯವರನ್ನು ಒಂದೇ ಮೇಜಿಗೆ ಕೂಡಿಸಿ, ಮೂರು ಜಿಲ್ಲೆಗಳಲ್ಲಿ ಉಳಿದಿರುವ ಮಡ್ಡಿ, ದನ ಮೇಯುವ ಗಾಯರಾಣ ಎಷ್ಟು ಅಂತ ಎಣಿಸಿ. ಚಿಂಕಾರ, ತೋಳ ಓಡಾಡುವ ತುಂಡುಗಳಿಗೆ ಉತಾರದಲ್ಲಿ ಖರಾಬ ತೆಗೆದು 'ಹುಲ್ಲುಗಾವಲು' ಅಂತ ಬರೆಸಿ. ಅದೊಂದು ಪದ ಬಿದ್ದರೆ ನಾಳೆ ಸೋಲಾರ್ ಕಂಪನಿಯವರು ಬಂದಾಗ ತಲಾಠಿ ಎರಡು ಸಲ ಯೋಚಿಸುತ್ತಾನೆ. (ಈಗ ಗ್ರಾಮ ಆಡಳಿತ ಅಧಿಕಾರಿ ಅನ್ನಬೇಕಂತೆ. ನಮಗೆ ತಲಾಠಿಯೇ.) ಯಡಹಳ್ಳಿಯಿಂದ ಆಚೀಚೆ ಗುಡ್ಡಗಳಿಗೆ ಪ್ರಾಣಿ ದಾಟುವ ದಾರಿ ಉಳಿಸಿ. ಬಳ್ಳಾರಿ ಜಾಲಿ ಕೀಳಿಸಿ, ಉದ್ಯೋಗ ಖಾತರಿಯಲ್ಲೇ ಕೀಳಿಸಬಹುದು, ನಮ್ಮ ಹೆಣ್ಣುಮಕ್ಕಳಿಗೆ ಕೂಲಿಯೂ ಆಗುತ್ತದೆ. ಸುತ್ತಲಿನ ಹಳ್ಳಿಗಳ ದನ ಕುರಿಗೆ ಸೂಜಿ, ನಾಯಿಗಳಿಗೆ ಸಂತಾನ ಶಸ್ತ್ರಚಿಕಿತ್ಸೆ ಮತ್ತು ಹುಚ್ಚಿನ ಲಸಿಕೆ ವರ್ಷಕ್ಕೊಮ್ಮೆ ತಪ್ಪದೆ ಆಗಲಿ. ತೋಳ ಕುರಿ ಹಿಡಿದರೆ ಹದಿನೈದು ದಿನದಲ್ಲಿ ಕುರಿಯವನ ಖಾತೆಗೆ ದುಡ್ಡು ಬೀಳಲಿ. ಫೋಟೊ ಅವನ ಮೊಬೈಲ್‌ನಿಂದಲೇ ಕಳಿಸಿದರೆ ಸಾಕು ಅನ್ನಿ. ನಮ್ಮ ಕಾಕಾನಿಗೂ ವಾಟ್ಸಾಪ್ ಬರುತ್ತದೆ.

ಇದಕ್ಕೆ ವಿಮಾನ ಬೇಡ, ಬೇರೆ ದೇಶದ ಜೊತೆ ಒಪ್ಪಂದ ಬೇಡ. ಟಿವಿಯವರು ಬರುವುದಿಲ್ಲ, ಅದು ಮಾತ್ರ ನಿಜ. ಉತಾರದಲ್ಲಿ ಒಂದು ಪದ ಬದಲಾದದ್ದನ್ನು ಯಾರು ಲೈವ್ ತೋರಿಸುತ್ತಾರೆ?

ಹತ್ತು ಹದಿನೈದು ವರ್ಷ ಹೀಗೆ ನಡೆದು, ಬೆಳಿಗ್ಗೆ ಮಡ್ಡಿಗೆ ಹೋದವನಿಗೆ ಎರಡರ ಬದಲು ಇಪ್ಪತ್ತು ಚಿಂಕಾರ ಕಂಡರೆ ಆಗ ಚೀತಾ ಮಾತು ಎತ್ತೋಣ. ಅಷ್ಟರಲ್ಲಿ ಕುನೋದಲ್ಲಿ, ಮಧ್ಯಪ್ರದೇಶದ ಇನ್ನೊಂದು ಚೀತಾ ತಾಣವಾದ ಗಾಂಧಿ ಸಾಗರದಲ್ಲಿ ಮುಖಿಯ ಮರಿಮಕ್ಕಳು ಬೆಳೆದಿರುತ್ತವೆ. ಆಗ ತರುವುದಾದರೆ ಇಲ್ಲೇ ಹುಟ್ಟಿದವನ್ನು ತನ್ನಿ, ಮುಂಗಾರಿನಲ್ಲಿ ಕೂದಲು ಉದುರಿಸಲು ಕಲಿತವನ್ನು. ಅಷ್ಟು ದಿನ ಕಾಯಲು ನಮಗೇನೂ ತೊಂದರೆ ಇಲ್ಲ. ಮುಳುಗಡೆ ಪರಿಹಾರಕ್ಕೆ ಕಾದು ಅಭ್ಯಾಸ ಇದೆ.

ಈ ಪತ್ರ ಓದಿ ಯಾರಾದರೂ ಬರುವ ಮನಸ್ಸು ಮಾಡಿದರೆ ದಸರೆಯ ಆಸುಪಾಸು ಬನ್ನಿ. ಹುಲ್ಲು ಆಗ ಚೆನ್ನಾಗಿರುತ್ತದೆ. ಬೆಳಿಗ್ಗೆ ಆರಕ್ಕೆ ಮಡ್ಡಿಯ ಮೇಲಿರಬೇಕು, ಹಾಗಾಗಿ ಹಿಂದಿನ ರಾತ್ರಿಯೇ ಬಂದು ನಮ್ಮ ಮನೆಯಲ್ಲಿ ಉಳಿಯಿರಿ. ಜೋಳದ ರೊಟ್ಟಿ, ಬದನೆಕಾಯಿ ಪಲ್ಯೆ, ಶೇಂಗಾ ಚಟ್ನಿ ಇರುತ್ತದೆ. ಹಿಂದೆ ಗಾಡಿಗಳ ಸಾಲು ಬೇಡ, ಒಂದೇ ಜೀಪು ಸಾಕು, ಅದನ್ನೂ ಕೆಳಗೇ ಬಿಟ್ಟು ನಡೆಯೋಣ. ಕಾಕಾನನ್ನೂ ಕರೆದಿರುತ್ತೇನೆ. ಒಂದೇ ವಿನಂತಿ, ಬಿಳಿ ಅಂಗಿ ಹಾಕಿಕೊಂಡು ಬರಬೇಡಿ. ಚಿಂಕಾರ ದೂರದಿಂದಲೇ ನೋಡಿ ಸೀನುತ್ತದೆ, ಆಮೇಲೆ ಎಷ್ಟು ಕರೆದರೂ ನಿಲ್ಲುವುದಿಲ್ಲ.

ಇಂತಿ ನಿಮ್ಮ,
ಬೀಳಗಿ ತಾಲ್ಲೂಕಿನ ಮುಳುಗಡೆ ಊರಿನವನು